ರೊಟ್ಟಿಯ ಚೀಟಿಗಳು

ಮಕ್ಕಳೇ, ನವನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದರು. ಹಳೆಯ ಲಗ್ನಪತ್ರಿಕೆಗಳ ಹಿಂಬದಿಗೆ ವಾಕ್ಯಗಳನ್ನು ಬರೆದು, ಒಂದೊಂದಾಗಿ ಕತ್ತರಿಸಿ, ಹಿಂದುಮುಂದು ಮಾಡಿ ಓಣಿಯ ಮಕ್ಕಳ ಮುಂದೆ ತಮ್ಮ ಮನೆಯ ಕಟ್ಟೆಯ ಮೇಲೆ ಹರಡುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, "ಮೊದಲ ಯಾವುದು, ಆಮ್ಯಾಲೆ ಯಾವುದು?" ಎಂದು ಕೇಳುವುದು ಅವರ ರೂಢಿ.

ಒಂದು ದಿನ ಚೀಟಿಗಳಲ್ಲಿ ಜೋಳದ ರೊಟ್ಟಿ ಮಾಡುವ ಬಗೆ ಇತ್ತು. ಹೆಂಚಿನ ಮೇಲಿನ ರೊಟ್ಟಿಗೆ ಮೊದಲು ನೀರು ಸವರಿ, ಆಮೇಲೆ ಮಗುಚುವಂತೆ ನಿಮ್ಮ ದೊಡ್ಡಕ್ಕ ಜೋಡಿಸಿದಳು. ಮಾಸ್ತರರು ತಮ್ಮ ಉತ್ತರದ ಹಾಳೆ ನೋಡಿ, "ತಪ್ಪಾತು, ಮೊದಲ ತಿರುವಬೇಕು," ಎಂದರು. ಅವಳ ಕಣ್ಣು ತುಂಬಿತು.

ಪರರೆದುರು ಎಂದೂ ಮಾತಾಡದ ನಾನು ನಮ್ಮ ಮನೆಯ ಬಾಗಿಲ ಮರೆಯಿಂದಲೇ ಹೇಳಿಬಿಟ್ಟೆ: "ಕೂಸು ಇಟ್ಟದ್ದ ಖರೆ ಐತ್ರಿ. ನೀರು ಹಚ್ಚದ ತಿರುವಿದ್ರ ಮ್ಯಾಲಿನ ಒಣಹಿಟ್ಟು ಹೊತ್ತತೈತಿ."

ಒಳಗಿಂದ ಅವರ ಹೆಂಡತಿ ಜೋರಾಗಿ ನಕ್ಕರು. "ಇಷ್ಟ್ ವರ್ಷ ತಿಂದೀರಿ, ಒಂದಿನಾರ ಒಲಿ ಮುಂದ ಕುಂತು ನೋಡೀರೇನು?"

ಮಾಸ್ತರರೂ ನಕ್ಕರು. "ತಪ್ಪು ನಂದರಿ ಅಕ್ಕಾರ," ಎಂದು ಎಲ್ಲ ಮಕ್ಕಳೆದುರು ತಮ್ಮ ಉತ್ತರದ ಮೇಲೆಯೇ ಕೆಂಪು ಗೀಟು ಎಳೆದರು.

ಅಂದಿನಿಂದ ಅಡುಗೆಯ ವಿಷಯ ಬರೆದಾಗಲೆಲ್ಲ, ಕತ್ತರಿ ಹಿಡಿಯುವ ಮುಂಚೆ ಹಾಳೆಯನ್ನು ನನ್ನ ಕೈಗಿತ್ತು ಕೇಳುತ್ತಿದ್ದರು: "ಮೊದಲ ಯಾವುದ್ರಿ ಅಕ್ಕಾರ, ಆಮ್ಯಾಲೆ ಯಾವುದು?"