ಕೂದಲೆಳೆ ಅಂತರದಲ್ಲಿ ಉಳಿದ ಎಂಜಿನ್

ಬೆಳಗಿನ ಐದೂವರೆ. ಬೀದಿಯ ಬೇರೆ ಅಂಗಡಿಗಳ ಶಟರ್ ಇನ್ನೂ ಎದ್ದಿಲ್ಲ. ಮೂಲೆಯ ಎಂಜಿನ್ ಶೆಡ್ಡಿನಲ್ಲಿ ಮಾತ್ರ ಐವತ್ತೆರಡು ವರ್ಷದ ಮಶೀನಕ್ಕ ಲೋಹ ಕೆತ್ತುವ ಮಿಲ್ಲಿಂಗ್ ಯಂತ್ರದ ಮೇಜನ್ನು ಹಳೆಯ ಬಟ್ಟೆಯಿಂದ ಒರೆಸುತ್ತಿದ್ದಾರೆ. ಒರೆಸಿದ ಮೇಲೆ ಎಡಗೈಯ ಉಂಗುರ ಬೆರಳನ್ನು ಮೇಜಿನ ಉದ್ದಕ್ಕೂ ಎಳೆಯುತ್ತಾರೆ. ಉಳಿದ ಬೆರಳುಗಳೆಲ್ಲ ಜಡ್ಡುಗಟ್ಟಿವೆ. ಸೂಕ್ಷ್ಮ ತಿಳಿಯುವುದು ಇದೊಂದಕ್ಕೇ. ಮತ್ತೆ ಒರೆಸುತ್ತಾರೆ.

“ಎಷ್ಟು ಒರೆಸ್ತೀಯೇ, ಮೇಜು ಸವೆದು ಹೋಗುತ್ತೆ!” ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತ ಅಣ್ಣ ರೇಗಿಸುತ್ತಾರೆ.

“ಸವೀಲಿ ಬಿಡಣ್ಣ. ಹೋದ ಸಲ ಒರೆಸದೆ ಆಗಿದ್ದು ಸಾಲದಾ?”

ಎಂಜಿನ್ನಿನ ದೊಡ್ಡ ಕಬ್ಬಿಣದ ಮೈಗೆ ಬ್ಲಾಕ್ ಎನ್ನುತ್ತಾರೆ. ಅದರ ಮೇಲೆ ಹೆಡ್ ಎಂಬ ಮುಚ್ಚಳ, ನಡುವೆ ಸೋರಿಕೆ ತಡೆಯುವ ತೆಳ್ಳನೆಯ ಗ್ಯಾಸ್ಕೆಟ್. ಬ್ಲಾಕಿನ ಮೇಲ್ಮೈ ಮಟ್ಟಸವಾಗಿರದಿದ್ದರೆ ಗ್ಯಾಸ್ಕೆಟ್ ಸರಿಯಾಗಿ ಕೂರದು. ಎಂಜಿನ್ ತಂಪಾಗಿಸುವ ನೀರು ಎಣ್ಣೆಗಿಳಿದು ಎಂಜಿನ್ ಕೆಡುತ್ತದೆ. ಆ ಮೇಲ್ಮೈಯನ್ನು ತೆಳುವಾಗಿ ಕೆತ್ತಿ ಮಟ್ಟ ಮಾಡುವುದು ಮಶೀನಕ್ಕನ ಕಸುಬು. ದಿನಕ್ಕೆ ಮೂರು ಬ್ಲಾಕಿನಂತೆ ಇಪ್ಪತ್ತೆಂಟು ವರ್ಷ. “ಮುಚ್ಚಳ ಬಿದ್ದ ಮೇಲೆ ನನ್ನ ಕೆಲಸ ಯಾರ ಕಣ್ಣಿಗೂ ಕಾಣಲ್ಲ,” ಎಂದು ನಗುತ್ತಾರೆ.

ಶೆಡ್ ಅಣ್ಣನದು. ಅಲ್ಲಿ ಕಬ್ಬಿಣದ ಚೂರು ಗುಡಿಸಲು ಬಂದವರು ಇವರು. ಅಣ್ಣನ ಕಣ್ಣು ಮಂಜಾಗುತ್ತ ಬಂದಾಗ ಅಳತೆ ಓದಿ ಹೇಳತೊಡಗಿದರು, ಕಡೆಗೆ ಯಂತ್ರದ ಹಿಡಿಕೆಯೂ ಇವರ ಕೈಗೇ ಬಂತು. ಮೊದಮೊದಲು ಬಂದವರೆಲ್ಲ “ಮೇಸ್ತ್ರಿ ಎಲ್ಲಿ?” ಎಂದು ಒಳಗೆ ಇಣುಕುತ್ತಿದ್ದರಂತೆ. ಅಣ್ಣನದು ಒಂದೇ ಉತ್ತರ: “ನಿಮ್ಮೆದುರಿಗೇ ನಿಂತಿದ್ದಾಳಲ್ಲ, ಕಣ್ಣು ಹೋಗಿರೋದು ನಂದೋ ನಿಮ್ದೋ?”

ಇಂದು ಮೇಜಿಗೇರಬೇಕಾದದ್ದು ನದಿ ದಾಟಿಸುವ ಲಾಂಚಿನ ಎಂಜಿನ್. ಇಂಥದ್ದು ಈಗ ತಯಾರಾಗುವುದಿಲ್ಲ. ಇದು ಹೋದರೆ ಲಾಂಚೂ ಹೋದಂತೆ. ಕಳೆದ ವಾರ ಅವಸರದಲ್ಲಿ ಬ್ಲಾಕ್ ಕೂರಿಸುವಾಗ ಅದರ ನಡುಭಾಗದಡಿ ಸಾಸಿವೆಗಿಂತ ಸಣ್ಣ ಕಬ್ಬಿಣದ ಚೂರು ಸಿಕ್ಕಿಕೊಂಡಿತ್ತು. ಬೋಲ್ಟ್ ಬಿಗಿದಾಗ ಬ್ಲಾಕ್ ತುಸು ಬಾಗಿತು, ಬಾಗಿದಂತೆಯೇ ಮಟ್ಟ ಕೆತ್ತಿಸಿಕೊಂಡಿತು. ಬಿಚ್ಚಿದಾಗ ಮೊದಲಿನ ಆಕಾರಕ್ಕೆ ಮರಳಿತು, ಮೇಲ್ಮೈ ಹಳ್ಳಬಿತ್ತು. ನಾಲ್ಕೇ ದಿನಕ್ಕೆ ಎಣ್ಣೆಯಲ್ಲಿ ನೀರು.

“ಗ್ಯಾಸ್ಕೆಟ್ ಸರಿಯಿಲ್ಲ ಅಂದು ಜಾರಿಕೊಳ್ಳಬಹುದಿತ್ತು,” ಎನ್ನುತ್ತಾರೆ ಲಾಂಚ್ ಓಡಿಸುವ ಯಜಮಾನರು. “ಈಯಮ್ಮ ಬ್ಲಾಕಿನ ತಳ ತಿರುಗಿಸಿ ನೋಡಿ, ಆ ಚೂರಿನ ಗುರುತು ತೋರಿಸಿ, ‘ತಪ್ಪು ನಂದೇ’ ಅಂದುಬಿಟ್ರು. ಬೈಯೋಕೆ ಬಂದವನು ಮತ್ತೆ ಇವರ ಕೈಗೇ ಬ್ಲಾಕ್ ಕೊಟ್ಟೆ.”

ಈ ಬ್ಲಾಕಿನಲ್ಲಿ ಇನ್ನು ಕೆತ್ತಲು ಉಳಿದಿರುವುದು ಮಿಲಿಮೀಟರಿನ ನೂರು ಪಾಲಿನಲ್ಲಿ ಹನ್ನೆರಡು ಪಾಲು ಮಾತ್ರ. ಅದಕ್ಕಿಂತ ಇಳಿದರೆ ಒಳಗೆ ಮೇಲೆಕೆಳಗೆ ಓಡಾಡುವ ಪಿಸ್ಟನ್ ಹೋಗಿ ಹೆಡ್ಡಿಗೆ ಬಡಿಯುತ್ತದೆ. ಬ್ಲಾಕ್ ಗುಜರಿ ಪಾಲು. ಮಶೀನಕ್ಕ ಮೇಲ್ಮೈಗೆಲ್ಲ ನೀಲಿ ಶಾಯಿ ಬಳಿಯುತ್ತಾರೆ. ಕೆತ್ತಿದ ಮೇಲೂ ಶಾಯಿ ಉಳಿದಲ್ಲಿ ತಗ್ಗಿದೆ ಎಂದರ್ಥ.

ಯಂತ್ರ ತಿರುಗುತ್ತದೆ. ಮೂರು ಪಾಲು ಹೋಯಿತು, ನಡುವೆಲ್ಲ ನೀಲಿ. ಆರು ಪಾಲು, ಇನ್ನೂ ಅಂಗೈಯಗಲ ನೀಲಿ. ಒಂಬತ್ತಕ್ಕೂ ಹೆಬ್ಬೆರಳಿನಷ್ಟು ಉಳಿದೇ ಇದೆ. ಮಶೀನಕ್ಕ ಯಂತ್ರ ನಿಲ್ಲಿಸಿ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಾರೆ. ಅವರಿಗೆ ಭಯವಾಗಿದೆ, ಅದನ್ನು ಮುಚ್ಚಿಡುವುದೂ ಇಲ್ಲ. “ಇನ್ನು ಮೂರೇ ಪಾಲು ಕಣಣ್ಣ, ಭಯ ಆಗ್ತಿದೆ.”

“ಎರಡು ಪಾಲು ಇಳಿಸು. ನಾನು ಕೇಳಿಸ್ಕೋತೀನಿ.”

ಎರಡು ಪಾಲು ಇಳಿಸುತ್ತಾರೆ. ತಗ್ಗಿನ ಮೇಲೆ ಹಾಯುವಾಗ ಯಂತ್ರದ ಉಳಿಯ ಸದ್ದು ಕುಗ್ಗಬೇಕು. ಅಣ್ಣ ತಲೆ ವಾಲಿಸಿ ಆಲಿಸುತ್ತಾರೆ. ಉಳಿ ಈ ತುದಿಯಿಂದ ಆ ತುದಿಗೆ ಹೋಗಿ ನಿಲ್ಲುತ್ತದೆ.

“ಒಂದೇ ಸಮ ಕೇಳಿಸ್ತು. ನೋಡು.”

ನೀಲಿ ಎಲ್ಲೂ ಇಲ್ಲ. ಬೋಲ್ಟ್ ಸಡಿಲಿಸಿ, ಮೇಲೆ ಉಕ್ಕಿನ ಪಟ್ಟಿಯಿಟ್ಟು, ಅದರಡಿ ಅತಿ ತೆಳ್ಳನೆಯ ಅಳತೆಪಟ್ಟಿಯನ್ನು ತೂರಿಸಲು ನೋಡುತ್ತಾರೆ. ಅದು ಎಲ್ಲೂ ನುಸುಳುವುದಿಲ್ಲ. ಉಳಿದಿರುವುದು ಒಂದೇ ಒಂದು ಪಾಲು. ಮಶೀನಕ್ಕ ನೆಲದ ಮೇಲೆ ಕುಸಿದು ಕುಳಿತು ನಗುತ್ತಾರೆ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ಯಜಮಾನರು ಗೋಡೆಗೊರಗಿ ಉಸಿರು ಬಿಡುತ್ತಾರೆ.

ಐದನೆಯ ದಿನ ಯಜಮಾನರ ಫೋನು: ಲಾಂಚ್ ಅರವತ್ತು ಸಲ ದಾಟಿದೆ, ಎಣ್ಣೆಯಲ್ಲಿ ಹನಿ ನೀರಿಲ್ಲ. ಏನು ಕೊಡಲಿ ಹೇಳಿ ಎಂದು ಅವರ ಒತ್ತಾಯ. ಮಶೀನಕ್ಕ ಸ್ಟೂಲಿನ ಮೇಲಿನ ಅಣ್ಣನ ಕಡೆ ನೋಡುತ್ತಾರೆ.

“ಭಾನುವಾರ ಅಣ್ಣನ್ನ ಕರ್ಕೊಂಡು ಬರ್ತೀನಿ. ಎಂಜಿನ್ ಪಕ್ಕದಲ್ಲೇ ಕೂರಿಸಿ, ಅವನು ಕೇಳಲಿ. ನಾನು ಇಷ್ಟು ವರ್ಷದಲ್ಲಿ ಆಚೆ ದಡ ನೋಡಿಲ್ಲ. ನಂಗೆ ಕಿಟಕಿ ಕಡೆ ಜಾಗ ಕೊಡಿ, ಸಾಕು.”