ಸೀಗೆಪುಡಿಯಲ್ಲಿ ಮಿಂದ ಆಕಾಶದ ಪೆಟ್ಟಿಗೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಪೆಟ್ಟಿಗೆ ಬೆಳ್ಳಗಿತ್ತು ಎಂದು ನನ್ನ ನೆನಪು. ಹಳದಿ ಎಂದು ನನ್ನ ತಮ್ಮನ ವಾದ. ಅವನು ಆಗ ಅಲ್ಲಿ ಇರಲೇ ಇಲ್ಲ. ಆದರೂ ಅವನು ಹೇಳುವ ಧೈರ್ಯ ನೋಡಿದರೆ ನನಗೇ ಅನುಮಾನ ಬರುತ್ತದೆ. ದಿನಚರಿ ಬರೆಯುವವಳಲ್ಲವೆ, ತೆರೆದು ನೋಡಬಾರದೆ ಎಂದು ನೀವು ಕೇಳಬಹುದು. ನೋಡಿದೆ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: "ಅತ್ತೆ ಊರಿಗೆ ಬಂದೆ. ಚೀಟಿ ಓದಿದೆ. ಸೊಪ್ಪಿನ ಸಾರು ಚೆನ್ನಾಗಿತ್ತು." ಸಾರಿನ ಬಗ್ಗೆ ನನಗೆ ಸಂಶಯವಿಲ್ಲ. ಕಾಡುವುದು ನಡುವಿನ ವಾಕ್ಯ.

ಮೊನ್ನೆ ಬೆಳಿಗ್ಗೆ ಯಶವಂತಪುರದ ನಮ್ಮ ವಠಾರದವರೆಲ್ಲ ಎದುರುಮನೆಯ ರೇಡಿಯೊ ಮುಂದೆ ಕೂತಿದ್ದರು. ಚಂದ್ರನ ಮೇಲೆ ಮನುಷ್ಯ ಇಳಿದಿದ್ದ. ನಾನು ತಲೆಗೆ ಸೀಗೆಪುಡಿ ಹಚ್ಚಿಕೊಂಡು ಬಚ್ಚಲಲ್ಲಿದ್ದೆ. ಜಗತ್ತಿನಲ್ಲಿ ದೊಡ್ಡದೇನಾದರೂ ನಡೆಯುವಾಗ ನಾನು ಸಾಮಾನ್ಯವಾಗಿ ಬಚ್ಚಲಲ್ಲೇ ಇರುತ್ತೇನೆ. ಹೊರಗೆ ರೇಡಿಯೊ ಆಕಾಶದ ಮಾತಾಡುತ್ತಿತ್ತು, ಒಳಗೆ ಸೀಗೆಯ ಘಾಟು ಮೂಗಿಗೇರಿತು. ಎರಡೂ ಒಟ್ಟಿಗೆ ಬಂದದ್ದೇ ತಡ, ಏಳು ವರ್ಷದ ಹಿಂದಿನ ಆ ಪೆಟ್ಟಿಗೆ ಕಣ್ಣೆದುರು ಬಂದು ನಿಂತಿತು.

ಕೆಂಪತ್ತೆ ನಮ್ಮಪ್ಪನ ಅಕ್ಕ. ಹೆಸರಘಟ್ಟದ ಕೆರೆಯಿಂದ ಕೂಗಳತೆಯಲ್ಲಿ ಅವಳ ಊರು. ಕೆರೆಯ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಹೋಗುತ್ತಿತ್ತು. ಅತ್ತೆ ಮಾತ್ರ ಒಂದು ಮೈಲಿ ನಡೆದು ಸೇದುವ ಬಾವಿಯಿಂದ ನೀರು ತರುತ್ತಿದ್ದಳು. ನಾನು ಹೋದಾಗಲೆಲ್ಲ, "ಬಾ ತಾಯಿ, ನಮ್ ನೀರು ಕುಡ್ದು ಚೆನ್ನಾಗಿ ಬೆಳ್ದಿದೀಯ" ಎನ್ನುತ್ತಿದ್ದಳು. ಆದರೂ ಹೊರಗಿನಿಂದ ಬಂದದ್ದು ಯಾವುದೂ ನೀರು ಕಾಣದೆ ಅವಳ ಹೊಸಿಲು ದಾಟುವಂತಿರಲಿಲ್ಲ. ಸಂತೆಯ ಮಡಕೆ, ನೆಂಟರ ಕಾಲು, ಒಂದು ಸಲ ನನ್ನ ಪುಸ್ತಕದ ಚೀಲ ಕೂಡ.

ಆ ವರ್ಷ ನಾನು ಬಿ.ಎ. ಓದುತ್ತಿದ್ದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ, ವಿಷಯ, ಬಡ ದೇಶದ ಸರ್ಕಾರ ಬಾಹ್ಯಾಕಾಶಕ್ಕೆ ಹಣ ಸುರಿಯಬಹುದೆ ಎಂಬುದು. ನಾನು ವಿರೋಧ ಪಕ್ಷ. ನೆಮ್ಮದಿಯಾಗಿ ಭಾಷಣ ಬರೆಯೋಣವೆಂದು ಅತ್ತೆಯ ಊರಿಗೆ ಹೋದರೆ, ಬಾಹ್ಯಾಕಾಶ ನನಗಿಂತ ಒಂದು ದಿನ ಮೊದಲೇ ಅಲ್ಲಿಗೆ ಬಂದಿತ್ತು. ಸಂಶೋಧನೆಯವರು ಹಾರಿಬಿಟ್ಟ ದೊಡ್ಡ ಬಲೂನೊಂದು ಅತ್ತೆಯ ಹುರುಳಿ ಹೊಲದಲ್ಲಿ ಬಿದ್ದಿತ್ತು. ಬಲೂನಿನ ಪ್ಲಾಸ್ಟಿಕ್ಕನ್ನು ಊರವರು ಅಷ್ಟರಲ್ಲೇ ಕತ್ತರಿಸಿ ಹಂಚಿಕೊಂಡಿದ್ದರು. ಊರಿನ ಬಣವೆಗಳೆಲ್ಲ ಅದನ್ನು ಹೊದ್ದು ಮಿರಿಮಿರಿ ಮಿಂಚುತ್ತಿದ್ದವು. ಬಲೂನಿಗೆ ತೂಗುಬಿಟ್ಟಿದ್ದ ಪೆಟ್ಟಿಗೆ ಮಾತ್ರ ಅತ್ತೆಯ ಪಾಲಿಗೆ ಬಂದು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಕೂತಿತ್ತು.

ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿತ್ತು: ಇದರಿಂದ ಅಪಾಯವಿಲ್ಲ, ತೆರೆಯಬೇಡಿ, ನೀರು ತಾಗಿಸಬೇಡಿ, ಪೊಲೀಸ್ ಠಾಣೆಗೆ ತಿಳಿಸಿ. ನಾನು ಅದನ್ನು ಓದಿದೆ. ಓದಿದ್ದಂತೂ ನಿಜ, ದಿನಚರಿಯಲ್ಲೇ ಇದೆ. ಅತ್ತೆ ನನ್ನ ಪಕ್ಕದಲ್ಲೇ ನಿಂತು ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು.

ಮರುದಿನ ನಾನು ಹಿತ್ತಲಲ್ಲಿ ಬಣವೆಯನ್ನೇ ಸಭಿಕರೆಂದುಕೊಂಡು ಭಾಷಣ ಅಭ್ಯಾಸ ಮಾಡುತ್ತಿದ್ದೆ. ಅದೇ ಹೊತ್ತಿಗೆ ಅತ್ತೆ ಪೆಟ್ಟಿಗೆಗೆ ಸೀಗೆಪುಡಿ ಹಚ್ಚಿ, ಎರಡು ಕೊಡ ನೀರು ಸುರಿದು, ಅರಿಸಿನ ಕುಂಕುಮ ಇಟ್ಟು ಒಳಗೆ ತಂದಳು. "ಆಕಾಸದಾಗೆ ಯಾವ್ ಮೈಲಿಗೆ ತಗಲೈತೋ ಏನೋ. ತೊಳೀದೆ ಒಳೀಕ್ ಎಂಗ್ ತರಾದು?" ಎಂದಳು. ನಾನು ನಕ್ಕೆ. ಭಾಷಣಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತೆಂದು ಬರೆದುಕೊಂಡೆ.

ಅದರ ಮರುದಿನ ಜೀಪು ಬಂತು. ಅದರಿಂದ ಕನ್ನಡಕದ ಒಬ್ಬ ಯುವ ವಿಜ್ಞಾನಿ ಇಳಿದ.

"ಅಮ್ಮಾ, ಇಲ್ಲೊಂದು ಪೆಟ್ಟಿಗೆ ಬಿದ್ದಿದೆಯಂತೆ?"

"ಬಿದ್ದೈತೆ."

"ಎಲ್ಲಿದೆ?"

"ಐತೆ. ಊರಿಗೊಂದು ಪಂಪು ಆಕ್ಸಿ, ತಗಂಡೋಗಿ."

"ಪಂಪು ನಮ್ಮ ಇಲಾಖೆ ಅಲ್ಲಮ್ಮ."

"ಜೀಪು ಸರ್ಕಾರದ್ದೇ ಅಲ್ವಾ? ಅದಿನಾಲ್ಕು ವರ್ಸದಿಂದ ಅರ್ಜಿ ಕೊಡ್ತಾ ಇದೀವಿ. ದಾರಿ ಸಿಗಲ್ಲ ಅಂತ ಒಬ್ರೂ ಬರ್ನಿಲ್ಲ. ಪೆಟ್ಗೆ ಬಿದ್ದು ಮೂರೇ ದಿನ, ನೀವ್ ಬಂದ್ರಿ. ನಿಮಗ್ ಎಂಗ್ ಸಿಕ್ತು ದಾರಿ?"

ಬಾಗಿಲ ಹಿಂದೆ ನಿಂತು ನಾನು ಇದನ್ನೂ ಬರೆದುಕೊಂಡೆ. ಹತ್ತು ಪುಸ್ತಕ ಓದಿ ನಾನು ಕಟ್ಟಿದ್ದ ವಾದವನ್ನು ಅತ್ತೆ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದಳು.

"ಅದು ಮೋಡಕ್ಕಿಂತ ಮೇಲೆ ಹೋಗಿ ಬಂದ ಪೆಟ್ಟಿಗೆ ಅಮ್ಮಾ," ಎಂದು ಅವನು ಅಂಗಲಾಚಿದ.

"ಮೋಡದ ತಾವ್ಕೆ ಓಗಿ ಬರಿಗೈಲಿ ಬಂತಾ? ಒಂದ್ ಅನಿ ಮಳೆ ತರಕಾಗ್ನಿಲ್ವಾ?"

ಜಗಳ ಏನೇ ಇರಲಿ, ಊಟದ ಹೊತ್ತಿಗೆ ಬಂದವನನ್ನು ಅತ್ತೆ ಹಸಿದು ಕಳಿಸುವವಳಲ್ಲ. ಮುದ್ದೆ, ಹುರುಳಿ ಸಾರು ಬಡಿಸಿದಳು. ಪಾಪ, ಅವನು ಮುದ್ದೆಯನ್ನು ಚಪಾತಿಯಂತೆ ಅಗಿಯತೊಡಗಿದ. ಅದು ಹಲ್ಲಿಗೂ ಅಂಗುಳಕ್ಕೂ ಅಂಟಿಕೊಂಡು ಮಾತೇ ನಿಂತಿತು.

"ನುಂಗ್ಬೇಕು ಕಣಪ್ಪ! ಆಕಾಸಕ್ಕೆ ಬಲೂನ್ ಬಿಡ್ತೀರ, ಒಂದ್ ತುತ್ತು ಮುದ್ದೆ ಕೆಳೀಕ್ ಬಿಡಕಾಗಲ್ವಾ?"

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವನು ಮೆಲ್ಲಗೆ ಹೇಳಿದ. ನಕ್ಷತ್ರಗಳ ಆಚೆಯಿಂದ ಕಣ್ಣಿಗೆ ಕಾಣದ ಕಿರಣಗಳು ಬರುತ್ತವೆ. ನಿಮ್ಮ ಮೈಯಲ್ಲೂ, ನಿಮ್ಮ ಎಮ್ಮೆಯ ಮೈಯಲ್ಲೂ ಹಾದುಹೋಗುತ್ತವೆ. ಪೆಟ್ಟಿಗೆಯೊಳಗಿನ ಫಿಲಂ ಮೇಲೆ ಅವುಗಳ ಗುರುತು ಬಿದ್ದಿರುತ್ತದೆ. ಎರಡು ವರ್ಷದ ಕೆಲಸ ಅದು. ಇನ್ನೊಂದು ಬಲೂನು ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ.

"ಮದ್ವೆ ಆಗೈತಾ?" ಎಂದು ಅತ್ತೆ ಕೇಳಿದಳು.

"ಈ ಕೆಲಸ ಮುಗಿದ ಮೇಲೆ ಅಂತಿದೀನಿ."

ಅತ್ತೆ ಎದ್ದಳು. ಪಂಪಿನ ಮಾತು ಅಲ್ಲಿಗೇ ಬಿಟ್ಟು, ದೇವರ ಗೂಡಿನ ಕೆಳಗಿಂದ ಪೆಟ್ಟಿಗೆ ತಂದು ಅವನ ಮುಂದಿಟ್ಟಳು. ಕುಂಕುಮ, ಒಂದು ಕನಕಾಂಬರ, ಮದುವಣಗಿತ್ತಿಯ ಹಾಗಿತ್ತು. ಅವನು ನಗುತ್ತಲೇ ಮುಚ್ಚಳ ತೆಗೆದ. ಒಳಗಿಂದ ಒಂದು ಲೋಟದಷ್ಟು ಕಂದು ನೀರು ಅವನ ಪ್ಯಾಂಟಿನ ಮೇಲೆ ಸುರಿಯಿತು. ಮನೆಯೆಲ್ಲ ಸೀಗೆಯ ವಾಸನೆ.

ಅವನು ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ನೆನಪಿಡುತ್ತಿರಲಿಲ್ಲ. ಕಪ್ಪು ಕಾಗದ ಸುತ್ತಿದ ಫಿಲಂ ಕಟ್ಟನ್ನೆತ್ತಿ ನೀರು ಬಸಿಯುತ್ತ, "ಚೀಟಿ ಅಂಟಿಸಿದ್ವಲ್ಲ. ಯಾರೂ ಓದ್ಲಿಲ್ವಾ?" ಎಂದಷ್ಟೇ ಕೇಳಿದ.

ಅತ್ತೆ ಕ್ಷಣವೂ ತಡಮಾಡಲಿಲ್ಲ. "ಈ ಮನೇಲಿ ಓದಕ್ ಬರೋರು ಯಾರವ್ರಪ್ಪ?" ಎಂದಳು.

ಬಿ.ಎ. ಓದುತ್ತಿದ್ದ ನಾನು ಬಾಗಿಲ ಬಳಿ, ಕೈಯಲ್ಲಿ ನೋಟುಪುಸ್ತಕ ಹಿಡಿದು ನಿಂತಿದ್ದೆ. ಮೆಲ್ಲಗೆ ಅದನ್ನು ಬೆನ್ನ ಹಿಂದೆ ಅಡಗಿಸಿದೆ. ನಂಬಿಕೆ ಬರಲೆಂದು ಮೂಲೆಯ ಪೊರಕೆ ತೆಗೆದುಕೊಂಡು ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ.

ಹೊರಡುವಾಗ ಅವನು ಅತ್ತೆಯ ಅರ್ಜಿಯ ನಕಲು ಕೇಳಿ ಜೇಬಿಗಿಟ್ಟುಕೊಂಡ. ನಾನು ಸ್ಪರ್ಧೆಯಲ್ಲಿ ಗೆದ್ದು ಬೆಳ್ಳಿಯ ಬಟ್ಟಲು ತಂದೆ. ಆಕಾಶದ ಪೆಟ್ಟಿಗೆಗೆ ಅಭ್ಯಂಜನವಾದ ಕತೆ ಕೇಳಿ ಸಭೆ ಬಿದ್ದುಬಿದ್ದು ನಕ್ಕಿತು. ಸರ್ಕಾರದ ದುಂದುವೆಚ್ಚಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ ಎಂದು ಮೇಜು ಗುದ್ದಿದೆ. ಚೀಟಿಯ ವಿಷಯ ಹೇಳಲಿಲ್ಲ. ಎರಡು ವರ್ಷದ ನಂತರ ಊರಿಗೆ ಕೈಪಂಪು ಬಂತು. ಚುನಾವಣೆ ಹತ್ತಿರ ಬಂದದ್ದಕ್ಕೆ ಎಂದರು ಊರವರು. "ಮುದ್ದೆ ಅಗ್ದೋನು ಕಳಿಸ್ದ" ಎಂದಳು ಅತ್ತೆ.

ಹಾಗಾದರೆ ಆ ಬಲೂನು ದಂಡವೋ, ಅಲ್ಲವೋ? ಅವನು ಹುಡುಕಿದ ಕಿರಣ ಸಿಗಲಿಲ್ಲ. ಊರಿಗೆ ನೀರು ಸಿಕ್ಕಿತು, ಬಣವೆಗಳು ನೆನೆಯಲಿಲ್ಲ. ದಂಡವಾದದ್ದು ಅವನ ಎರಡು ವರ್ಷ. ಅದನ್ನು ದಂಡ ಮಾಡಿದ್ದು ಸರ್ಕಾರವಲ್ಲ. ಗೆಲ್ಲುವ ಭಾಷಣಕ್ಕೆ ಒಂದು ಉದಾಹರಣೆ ಬೇಕಾಗಿದ್ದವಳು ಚೀಟಿಯನ್ನು ತುಟಿ ಅಲುಗಿಸದೆ ಓದಿಕೊಂಡಿರಬಹುದು. ಅಥವಾ ಅವಳು ಗಟ್ಟಿಯಾಗಿಯೇ ಓದಿ, ಅತ್ತೆ ಮೈಲಿಗೆಯ ಭಯಕ್ಕೆ ಕಿವಿಗೆ ಹಾಕಿಕೊಳ್ಳದೆ ಇದ್ದಿರಬಹುದು. ನನಗೆ ಎರಡೂ ಒಂದೇ ಸ್ಪಷ್ಟತೆಯಲ್ಲಿ ನೆನಪಿದೆ.

ನಿನ್ನೆ ಬಸ್ಸು ಹಿಡಿದು ಅತ್ತೆಯ ಊರಿಗೆ ಹೋದೆ. ಚಂದ್ರನ ಚಿತ್ರವಿದ್ದ ಪತ್ರಿಕೆ ಒಯ್ದಿದ್ದೆ. ಪಂಪಿನ ಬಳಿಯೇ ಇದ್ದ ಅತ್ತೆ ಅದನ್ನು ಇಸಿದುಕೊಂಡು ನೋಡಿದಳು. ಬೊಗಸೆಯಲ್ಲಿ ನೀರು ಹಿಡಿದು ಅದರತ್ತ ತಂದವಳು, ಯಾಕೋ ಕೈ ತಡೆದು ನೀರನ್ನು ನೆಲಕ್ಕೆ ಚೆಲ್ಲಿದಳು. ಪತ್ರಿಕೆಯನ್ನು ಒಣಗಿದ ಕಲ್ಲಿನ ಮೇಲೆ ದೂರ ಇಟ್ಟು, ಮತ್ತೆ ಪಂಪು ಒತ್ತತೊಡಗಿದಳು. ನಾನು ಕೇಳಬೇಕಾದ್ದನ್ನು ಕೇಳಿದೆ. ಕೊಡ ತುಂಬಿತು. ತುಂಬಿದ ಮೇಲೂ ಒತ್ತುತ್ತಲೇ ಇದ್ದಳು. ಅವಳು ತಲೆ ಎತ್ತುವುದನ್ನೇ ಕಾಯುತ್ತ ನಾನು ಎರಡನೆಯ ಸಲ ಕೇಳಿದೆ:

"ಅತ್ತೆ, ಅವತ್ತು ಚೀಟಿ ನಾನು ಗಟ್ಟಿಯಾಗಿ ಓದಿದ್ನಾ, ಇಲ್ವಾ?"