ಸುಮ್ಮನಿದ್ದರೆ ಮುಚ್ಚಿಕೊಳ್ಳುವ ಬಾಗಿಲು

ಕೊಳ್ಳೇಗಾಲದ ನೇಕಾರರ ಬೀದಿಗೆ ಬೆಳಕು ಇನ್ನೂ ಪೂರ್ತಿ ಇಳಿದಿಲ್ಲ. ಅಕ್ಕಪಕ್ಕದ ಮಗ್ಗಗಳು ಆಗಲೇ ಸದ್ದು ಶುರು ಮಾಡಿವೆ. ಶಿವರತ್ನಮ್ಮನವರ ಮಗ್ಗ ಮಾತ್ರ ಬಾಯಿ ಬಿಗಿದುಕೊಂಡು ನಿಂತಿದೆ. ಅದರ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾರೆ ಇಂಟರ್ನೆಟ್ ರಿಪೇರಿಯ ಮಹಾದೇವಮ್ಮ. ಕೊಟ್ಟ ಟೀ ಆರಿ ಕೆನೆಗಟ್ಟಿದೆ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ತೆವಳುತ್ತಾ ತುದಿ ಮುಟ್ಟುತ್ತದೆ, ಆದರೆ ‘ಮುಗಿಯಿತು’ ಎನ್ನುವುದಿಲ್ಲ. ನಿಂತಲ್ಲೇ ನಿಂತು, ಕೊನೆಗೆ ಕೆಂಪಾಗುತ್ತದೆ.

“ತಿರ್ಗ ಓಯ್ತು!” ಎಂದು ಶಿವರತ್ನಮ್ಮ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾರೆ.

ಸೀರೆಯ ವಿನ್ಯಾಸ ಈಗ ಫೈಲಾಗಿ ಬರುತ್ತದೆ. ಹೊರಗಿನ ಡಿಸೈನರ್ ಕಳಿಸಿದ್ದು ಮನೆಯ ಕಂಪ್ಯೂಟರಿಗೆ ಇಳಿದು, ಅಲ್ಲಿಂದ ಮಗ್ಗಕ್ಕೆ ಹೋದರೇನೇ ನೇಯ್ಗೆ. ಚಿಕ್ಕ ಫೈಲುಗಳು ಸಲೀಸಾಗಿ ಬರುತ್ತಿವೆ, ಸೆರಗಿನ ದೊಡ್ಡ ಫೈಲು ಮಾತ್ರ ಒಲ್ಲೆ ಎನ್ನುತ್ತಿದೆ. ಇವತ್ತು ಮಗ್ಗ ಏಳದಿದ್ದರೆ ಮದುವೆ ಸೀರೆ ಬೇರೆಯವರ ಪಾಲು ಎಂದು ಅಂಗಡಿಯ ಜಡೇಸ್ವಾಮಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾರೆ.

ತಮಾಷೆಯೆಂದರೆ, ಈ ಫೈಲಿನ ಕಾಲಿಗೆ ಹಗ್ಗ ಕಟ್ಟಿದವರು ಮಹಾದೇವಮ್ಮನೇ. ಶಿವರತ್ನಮ್ಮನ ಮಗಳು ಸಿಂಧು ಬೆಳಿಗ್ಗೆ ವಿಡಿಯೋದಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಫೈಲು ಬರುವಾಗಲೆಲ್ಲ ಅವಳ ಮುಖ ಬೊಂಬೆಯಂತೆ ನಿಂತುಬಿಡುತ್ತಿತ್ತು. ಅದಕ್ಕೇ ಹೋದ ವಾರ ಮಹಾದೇವಮ್ಮ ಪಾಠಕ್ಕೆ ಮೊದಲ ಪಾಲು ಕೊಟ್ಟು, ಫೈಲಿನ ವೇಗಕ್ಕೆ ಮಿತಿ ಹಾಕಿದ್ದರು. ಆ ಮಿತಿ ತೆಗೆದರೆ ಫೈಲು ಬರುತ್ತದೆ, ಪಾಠ ಕೆಡುತ್ತದೆ. ಟ್ಯೂಷನ್ ನಿಲ್ಲಿಸಿಕೊಳ್ಳಿ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಮಹಾದೇವಮ್ಮನ ತಲೆಗೆ ಹುಳ ಹೊಕ್ಕಿದೆ.

“ನಿಧಾನ ಮಾಡುದ್ರೆ ತಡ ಆಗ್ಬೇಕು ಸಾ, ನಿಂತ್ಯಾಕೋಗ್ಬೇಕು?” ಎಂದು, ಅವರ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನ್ನನ್ನು ಕೇಳುತ್ತಾರೆ.

ಯಳಂದೂರಿನ ಕೇಬಲ್ ಆಫೀಸಿನಲ್ಲಿ ದೂರು ಕೇಳುವ ಫೋನಿನ ಮುಂದೆ ಕೂರುತ್ತಿದ್ದ ಹೆಂಗಸು ಇವರು. ಬೈಗುಳ ಕೇಳಿ ಕೇಳಿ ಬೇಸತ್ತು, ಒಂದು ದಿನ ತಾವೇ ಏಣಿ ಹತ್ತಿದರು. ಈಗ ಸ್ಕೂಟರಿನಲ್ಲಿ ಹನೂರು, ಹೂಗ್ಯಂ ಕಡೆಗೂ ಓಡಾಟ. ದಿನಕ್ಕೆ ಏಳೆಂಟು ಮನೆ. “‘ಮೆಕ್ಯಾನಿಕ್ ಇಂದ್ಗಡೆ ಬತ್ತಾವ್ರಾ?’ ಅಂತಾರೆ. ಊಂ, ಬತ್ತಾವ್ರೆ, ಅಲ್ಲೀಗಂಟ ನಾನೇ ನೋಡ್ತಿರ್ತೀನಿ ಅಂತೀನಿ,” ಎಂದು ನಗುತ್ತಾರೆ.

ಮತ್ತೆ ಫೈಲು ಹಚ್ಚುತ್ತಾರೆ. ಈ ಸಲ ಹಸಿರು ಪಟ್ಟಿಯ ಕಡೆ ನೋಡದೆ, ಮನೆಯ ಇಂಟರ್ನೆಟ್ಟಿಗೆ ಕಾವಲಿರುವ ಪುಟ್ಟ ಡಬ್ಬಿಯ, ಅಂದರೆ ಫೈರ್‌ವಾಲ್‌ನ, ಒಳಗಿನ ಲೆಕ್ಕವನ್ನು ಪರದೆಯ ಮೇಲೆ ನೋಡುತ್ತಾರೆ. ಅಲ್ಲಿ ಎರಡು ಸಂಪರ್ಕ ತೆರೆದಿವೆ. ಸ್ವಲ್ಪ ಹೊತ್ತಿಗೆ ಅದರಲ್ಲೊಂದು ಮಾಯ. ಮಹಾದೇವಮ್ಮ ತೊಡೆ ತಟ್ಟಿಕೊಳ್ಳುತ್ತಾರೆ.

“ಸಿಕ್ಕಾಕ್ಕಂತು ಅಕ್ಕ! ಈ ಫೈಲ್ ಬರಕೆ ಎಲ್ಡು ಬಾಗ್ಲು. ಒಂದ್ರಲ್ಲಿ ಮಾತು, ಇನ್ನೊಂದ್ರಲ್ಲಿ ಸಾಮಾನು. ಸಾಮಾನು ಬರೋಗಂಟ ಮಾತಿನ ಬಾಗ್ಲು ಸುಮ್ನಿರ್ತದೆ. ನಾನು ನಿಧಾನ ಮಾಡ್ಬುಟ್ನಲ್ಲ, ಸುಮ್ನಿರೋದು ಜಾಸ್ತಿ ಆಯ್ತು. ಯಾರೂ ಇಲ್ಲ ಅಂದ್ಕಂಡು ಡಬ್ಬಿ ಅದ್ನ ಮುಚ್ಬುಡ್ತು. ಸಾಮಾನೆಲ್ಲ ಬಂದ್ರೂ ‘ಮುಗೀತು’ ಅನ್ನಕೆ ಬಾಗ್ಲೇ ಇಲ್ಲ!”

ಇದು ಅವರಿಗೆ ಹೊಸದಲ್ಲ. ಅಪ್ಪ ಕೆಂಚಯ್ಯ ಕೆರೆಯ ನೀರುಗಂಟಿ. ಯಾರ ಗದ್ದೆಗೆ ಎಷ್ಟು ನೀರು ಎಂದು ತೂಬು ತೆಗೆದು ಮುಚ್ಚುವುದೇ ಕಸುಬು. “ಕೊನೆ ಗದ್ದೆಯೋನು ಆಗಾಗ ‘ಓ’ ಅಂತ ಕೂಗ್ಬೇಕಿತ್ತು ಸಾ. ಕೂಗ್ನಿಲ್ಲ ಅಂದ್ರೆ ನೀರು ಸಾಕಾಗಿ ಮನೆಗೋದ ಅಂತ ಅಪ್ಪ ತೂಬು ಮುಚ್ಚೋನು. ಒಂದ್ಸಲ ಮಾದು ಅನ್ನೋನು ಬದಿನ ಮೇಲೆ ನಿದ್ದೆ ಓಗಿ, ಅವನ ಪೈರು ಒಣಗೋಯ್ತು. ಅಪ್ಪಂಗೆ ಇವತ್ಗೂ ಅದೇ ಕೊರಗು.”

ಆಮೇಲಿನ ಕೆಲಸ ಚಿಕ್ಕದು. ಮಾತಿನ ಬಾಗಿಲಲ್ಲಿ ಆಗಾಗ ‘ಇದ್ದೀನಿ’ ಎನ್ನುವ ಸಣ್ಣ ಸಂದೇಶ ಹೋಗುವಂತೆ ಮಾಡಿ, ಮಿತಿಯನ್ನು ಹಾಗೇ ಬಿಡುತ್ತಾರೆ. ಒಳಮನೆಯಲ್ಲಿ ಸಿಂಧುವಿನ ಮಗ್ಗಿ ಪಾಠ ತಡವರಿಸದೆ ನಡೆದಿದೆ. ಹಸಿರು ಪಟ್ಟಿ ತನ್ನ ಪಾಡಿಗೆ ತೆವಳಿ ತುದಿ ಮುಟ್ಟಿ, ‘ಮುಗಿಯಿತು’ ಎನ್ನುತ್ತದೆ. ಮಗ್ಗ ಒಮ್ಮೆ ಕೆಮ್ಮಿ ಸದ್ದು ಹಿಡಿದಾಗ ಶಿವರತ್ನಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಮಹಾದೇವಮ್ಮ ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು, ಬ್ಯಾಗು ಹೆಗಲಿಗೇರಿಸುತ್ತಾರೆ.

ಆಸೆಯೇನಾದರೂ ಇದೆಯೇ ಎಂದರೆ ಸ್ವಲ್ಪ ನಾಚುತ್ತಾರೆ. “ಕೆಟ್ಟಾಗ ಎಲ್ರೂ ಫೋನ್ ಮಾಡ್ತಾರೆ. ಸರಿಯಾದ್ಮೇಲೆ ಯಾರೂ ಇಲ್ಲ. ನೆಟ್ಟಗೆ ನಡೀತಾ ಅದೋ, ಬೇರೆಯೋರ್ನ ಕರುಸ್ಕಂಡ್ರೋ, ನಂಗೆಂಗೆ ಗೊತ್ತಾಗ್ಬೇಕು ಸಾ? ಒಂದ್ಸಲ ‘ಓ’ ಅಂದ್ರೆ ಸಾಕು.”

ಸ್ಕೂಟರ್ ಹನೂರು ರಸ್ತೆಗೆ ತಿರುಗುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಶಿವರತ್ನಮ್ಮನ ಹೆಸರು ನೋಡಿ ಮಹಾದೇವಮ್ಮ ಗಾಡಿಯನ್ನು ಬದಿಗೆ ನಿಲ್ಲಿಸುತ್ತಾರೆ.

“ಏನಾಯ್ತಕ್ಕ? ತಿರ್ಗ ನಿಂತೋಯ್ತಾ?”

ಆ ಕಡೆಯಿಂದ ಮಗ್ಗದ ಸದ್ದು. ಅದರ ನಡುವೆ ಶಿವರತ್ನಮ್ಮನ ಕೂಗು.

“ಏನೂ ಆಗಿಲ್ಲ ಕಣವ್ವ. ‘ಓ’ ಅಂದೆ, ಅಷ್ಟೆ.”